ಸೂತ್ರ ಕಟ್ಟುವ ಗೀಜಗ

ಮೈದಾನದ ಅಂಚಿನಲ್ಲಿ ಗೀಜಗ ಹಕ್ಕಿಯದೊಂದು ಪುಟ್ಟ ಗಾಳಿಪಟದ ಅಂಗಡಿಯಿತ್ತು. ನರಿ ಬೆಳಗಿನಿಂದ ಅಲ್ಲೇ ಕುಳಿತು, ಯಾವ ಕಾಗದ ಹಗುರ, ಬಾಲಂಗೋಚಿ ಎಷ್ಟುದ್ದ ಇರಬೇಕು ಎಂದೆಲ್ಲ ಕೇಳಿ ತಿಳಿದುಕೊಂಡಿತು. ಆಮೇಲೆ ಆನೆಯ ದೊಡ್ಡ ಮಳಿಗೆಗೆ ಹೋಗಿ ಅರ್ಧ ಬೆಲೆಗೆ ಪಟ ತಂದಿತು.

ಪಟ ಏರಲಿಲ್ಲ; ಎರಡು ಲಾಗ ಹಾಕಿ ನೆಲಕ್ಕೆ ಬಿತ್ತು.

"ಇದಕ್ಕೆ ದಾರ ಸಿಕ್ಕಿಸುವ ಸೂತ್ರದ ಗಂಟು ಹೇಗೆ ಹಾಕಬೇಕು?" ಎಂದು ನರಿ ಮಳಿಗೆಗೆ ಮರಳಿ ಆನೆಯನ್ನು ಕೇಳಿತು.

"ಬೇಕಿದ್ದರೆ ಇನ್ನೊಂದು ಪಟ ಒಯ್ಯಿ. ನಾನು ಸಾವಿರಾರು ಮಾರಿದ್ದೇನೆ, ಒಂದನ್ನೂ ಹಾರಿಸಿಲ್ಲ," ಎಂದಿತು ಆನೆ.

ನರಿ ನಾಚದೆ ಗೀಜಗನ ಬಳಿಗೆ ಬಂತು. "ಗೀಜಗಣ್ಣಾ, ಒಂದೇ ಒಂದು ಗಂಟು ಹಾಕಿಕೊಡಪ್ಪಾ."

ಗೀಜಗ ಸೂತ್ರ ಕಟ್ಟಿಕೊಟ್ಟಿತು. ಪಟ ಸರ್ರನೆ ಮೇಲೇರಿತು. ನೋಡಿದವರೆಲ್ಲ "ಎಂಥ ಪಟ!" ಎಂದು ಬೆರಗಾದರು.

"ಆನೆಯ ಮಳಿಗೆಯದು, ಅರ್ಧ ಬೆಲೆ!" ಎಂದು ನರಿ ಕೂಗಿ ಹೇಳಿತು.

ಮರುದಿನ ಮೊಲ, ಮುಂಗುಸಿ, ಕರಡಿ ಎಲ್ಲರೂ ಆನೆಯ ಪಟಗಳನ್ನು ಹಿಡಿದು, ಗಂಟು ಹಾಕಿಸಲು ಗೀಜಗನ ಅಂಗಡಿಗೆ ಬಂದರು. ಬಾಗಿಲು ಮುಚ್ಚಿತ್ತು. ಗೀಜಗ ಮೈದಾನದ ನಡುವೆ ತನ್ನದೇ ಪಟ ಹಾರಿಸುತ್ತ ನಿಂತಿತ್ತು.

"ಅಣ್ಣಾ, ಅಂಗಡಿ ಯಾವಾಗ ತೆಗೆಯುತ್ತೀ?" ಎಂದು ಅವರ ಜೊತೆ ಬಂದಿದ್ದ ನರಿ ಗಾಬರಿಯಿಂದ ಕೇಳಿತು.

"ಕೊಳ್ಳುವವರು ಬಂದಾಗ ಹೇಳಿಕಳಿಸು, ನರಿಯಣ್ಣ," ಎಂದು ಗೀಜಗ ದಾರವನ್ನು ಇನ್ನಷ್ಟು ಸಡಿಲ ಬಿಟ್ಟಿತು.