ಬಾಣಸಿಗನ ಪಕ್ಕದ ಎಲೆ

ಮಠದಲ್ಲಿ ಊಟ ಬಡಿಸುವ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಎಲ್ಲರೂ ಉಂಡೆದ್ದ ಮೇಲೆ ಕೊನೆಗೆ ಒಬ್ಬನೇ ಉಣ್ಣುವುದು ದೊಡ್ಡ ವ್ರತವಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಾಣಸಿಗನಿದ್ದ. ಬಾಣಸಿಗನೆಂದರೆ ಮನೆಯ ಅಡಿಗೆಯವನಲ್ಲ. ಮದುವೆ ಮುಂಜಿಗಳಲ್ಲಿ ಸಾವಿರ ಎಲೆಗೆ ಅಡಿಗೆ ಮಾಡುವವನು. ಅವನ ಕಸುಬಿಗೆ ಎರಡು ಕಟ್ಟಳೆಗಳಿದ್ದವು. ಮಾಡುವಾಗ ರುಚಿ ನೋಡಬಾರದು, ಉಪ್ಪು ಹುಳಿಯನ್ನು ಮೂಗಿನಿಂದಲೇ ತಿಳಿಯಬೇಕು. ಕೊನೆಯ ಪಂಕ್ತಿ ಎದ್ದ ಮೇಲೆಯೇ ತಾನು ಉಣ್ಣಬೇಕು. ಆದ್ದರಿಂದ ಅವನು ಉಣ್ಣುವುದನ್ನು ಯಾರೂ ಕಂಡಿರಲಿಲ್ಲ. ಹೆಂಡತಿ ತೀರಿಹೋಗಿದ್ದಳು, ಹಾಗಾಗಿ ಮನೆಯಲ್ಲೂ ಕಾಣುವವರಿರಲಿಲ್ಲ.

ಒಂದು ದಿನ ಅನ್ನ ಎದೆಯಲ್ಲಿ ತಡೆದಂತಾಯಿತು. ಮಜ್ಜಿಗೆ ಸುರಿದುಕೊಂಡ, ಇಳಿಯಿತು. ಬರಬರುತ್ತಾ ಮಜ್ಜಿಗೆ ಹೆಚ್ಚಿತು, ಅನ್ನ ಕಡಿಮೆಯಾಯಿತು. ಕೊನೆಗೆ ಮಜ್ಜಿಗೆಯಷ್ಟೇ ಉಳಿಯಿತು.

"ಏನಯ್ಯಾ, ಹಂಚಿಕಡ್ಡಿಯಂತಾಗಿದ್ದೀಯಲ್ಲ! ಮಾಡಿದ್ದನ್ನೆಲ್ಲ ನಮಗೇ ಬಡಿಸಿಬಿಟ್ಟೆಯಾ?" ಎಂದು ಜನ ಛೇಡಿಸಿದರು.

"ಬಾಣಸಿಗನಿಗೆ ವಾಸನೆಯಲ್ಲೇ ಹೊಟ್ಟೆ ತುಂಬುತ್ತದೆ ಸ್ವಾಮಿ" ಎಂದು ಅವನೂ ನಕ್ಕ. ಜನ ಅದನ್ನು ನಂಬಿದರು.

ಮಜ್ಜಿಗೆಯೂ ಇಳಿಯದ ದಿನ ಆಸ್ಪತ್ರೆಗೆ ಹೋದ. ವೈದ್ಯೆ ಗಂಟಲಿನೊಳಗೆ ಕೊಳವೆ ಇಳಿಸಿ, ಅನ್ನನಾಳದ ಗಡ್ಡೆಯಿಂದ ಒಂದು ಚೂರು ತೆಗೆದಳು. ಅದು ಕ್ಯಾನ್ಸರ್ ಎಂದು ತಿಳಿಯಿತು. ಆದರೆ ಯಾವ ಬಗೆಯದು ಎಂಬುದರಲ್ಲಿ ಅವಳಿಗೆ ಅನುಮಾನವಿತ್ತು. ಅಪರೂಪದ ಒಂದು ಬಗೆ ಬಲು ಬೇಗ ಹಬ್ಬುತ್ತದೆ, ಅದಕ್ಕೆ ಮದ್ದೂ ಬೇರೆ.

"ಅನ್ನ ತಡೆಯಲು ಶುರುವಾಗಿ ಎಷ್ಟು ದಿನವಾಯಿತು?" ಎಂದು ಕೇಳಿದಳು.

"ನೆನಪಿಲ್ಲ ತಾಯೀ. ಮಜ್ಜಿಗೆಯಲ್ಲಿ ಇಳಿಯುತ್ತಿತ್ತಲ್ಲ."

"ಹಾಗಾದರೆ ನಿಮ್ಮ ಪಕ್ಕ ಕೂತು ಉಣ್ಣುವವರನ್ನು ಕರೆತನ್ನಿ. ಅವರು ಕಂಡಿರುತ್ತಾರೆ."

ಬಾಣಸಿಗ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಸಾವಿರಾರು ಜನ ಅವನ ಕೈಯಡಿಗೆ ಉಂಡಿದ್ದರು. ಕರೆತರಲು ಒಬ್ಬರೂ ಇರಲಿಲ್ಲ.

ವೈದ್ಯೆ ಆ ಚೂರನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸಿದಳು. ಅದು ಅಪರೂಪದ ಬಗೆಯದೇ ಆಗಿತ್ತು. ಗಡ್ಡೆಯನ್ನು ಕೊಯ್ದು ತೆಗೆಯುವ ಯೋಚನೆ ಬಿಟ್ಟು, ಅದಕ್ಕೆ ತಕ್ಕ ಮದ್ದನ್ನು ನರದ ಮೂಲಕ ಹನಿಹನಿಯಾಗಿ ಕೊಟ್ಟಳು. ತಿಂಗಳುಗಳ ಮೇಲೆ ಗಡ್ಡೆ ಕುಗ್ಗಿತು. ಒಂದು ಮಧ್ಯಾಹ್ನ ಮನೆಯಲ್ಲಿ ಎಲೆ ಹಾಕಿಕೊಂಡು, ಮಜ್ಜಿಗೆಯಿಲ್ಲದೆ ಒಂದು ತುತ್ತು ಅನ್ನ ಬಾಯಿಗಿಟ್ಟ. "ಇಳಿಯಿತು!" ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಎಲೆ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಡೆಗೆ ತಿರುಗಿ ಕೇಳಿದರು:

"ನೀನು ಉಣ್ಣುವುದನ್ನು ನಾನು ಕಂಡು ಎಷ್ಟು ದಿನವಾಯಿತು, ಮಗು?"