ಮಡಿಲು ತುಂಬ ಸೊಪ್ಪು, ಹಿಡಿಯಷ್ಟು ಪಲ್ಯ

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಒಂದೇ ಕಡೆ ಕೂತು ಅಭ್ಯಾಸವಾಗಿರಲಿಲ್ಲ. ಗಾಳಿಗೆ ಬಾಗಿಲು ತಟ್ಟಿ ಒಳಗೆ ಬರಬೇಕೆಂಬ ಬುದ್ಧಿ ಬಂದಿರಲಿಲ್ಲ. ಗಿಡ, ಮರ, ಮಡಕೆ, ಒಲೆ ಎಲ್ಲವೂ ಮಾತಾಡುತ್ತಿದ್ದವು. ಸುಮ್ಮನಿರಿ ಎಂದರೂ ಕೇಳುತ್ತಿರಲಿಲ್ಲ.

ಆ ಕಾಲದಲ್ಲಿ ಸೊಪ್ಪು ಬೆಂದರೂ ಕುಗ್ಗುತ್ತಿರಲಿಲ್ಲ. ಒಂದು ಹಿಡಿ ಹಾಕಿದರೆ ಒಂದು ಹಿಡಿ ಪಲ್ಯ, ಒಂದು ಬುಟ್ಟಿ ಹಾಕಿದರೆ ಒಂದು ಬುಟ್ಟಿ ಪಲ್ಯ. ಆದರೆ ಬುಟ್ಟಿಗಟ್ಟಲೆ ಯಾರೂ ಕೀಳುತ್ತಿರಲಿಲ್ಲ. ಪಾತಿಯ ಅಂಚಿನಲ್ಲಿ ನಿಂತು, "ಒಂದು ಹಿಡಿ ಕೊಡು ತಾಯಿ" ಎಂದು ಕೇಳಬೇಕು. ದಂಟಿನ ಸೊಪ್ಪು, "ತಗೋ ಮಗಳೇ. ಕುಡಿ ನಿಂಗೆ, ಬೇರು ನಂಗೆ" ಎನ್ನಬೇಕು. ಆಮೇಲೆ ಕುಡಿ ಚಿವುಟಬೇಕು. ಅದು ಪದ್ಧತಿ.

ದೊಡ್ಡತಾಯಿ ಎಂಬ ಹೆಂಗಸಿನ ಹಿತ್ತಲಲ್ಲಿ ಇಂಥದ್ದೊಂದು ಪಾತಿ ಇತ್ತು. ಅವಳ ಮಗಳು ಹೊನ್ನಿ ಬಸುರಿಯಾಗಿ ತವರಿಗೆ ಬಂದಿದ್ದಳು. ಪಾಪ, ಮುದ್ದೆ ಕಂಡರೆ ಓಕರಿಕೆ, ಹಾಲು ಕಂಡರೆ ಮುಖ ತಿರುಗಿಸುವಳು. ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ದಂಟಿನ ಸೊಪ್ಪಿನ ಪಲ್ಯ ಒಂದೇ. ದೊಡ್ಡತಾಯಿ ದಿನವೂ ಒಂದು ಹಿಡಿ ಕೇಳಿ ತಂದು, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಮಗಳಿಗೆ ಉಣ್ಣಿಸುತ್ತಿದ್ದಳು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ದೊಡ್ಡತಾಯಿಗೆ ಹೆಸರಿನಂತೆ ಎಲ್ಲವೂ ದೊಡ್ಡದಾಗಬೇಕು. "ಬಯಕೆ ಊಟ ಹಾಕ್ತೀನಿ, ಬೀದಿಯವರನ್ನೆಲ್ಲ ಕರೀತೀನಿ" ಎಂದಳು.

"ಅವ್ವಾ, ಇರೋ ಸೊಪ್ಪು ನಂಗೇ ಸರಿಹೋಗ್ತದೆ" ಎಂದಳು ಹೊನ್ನಿ. "ಬೀದಿಗೆಲ್ಲ ಎಲ್ಲಿಂದ ತರ್ತೀಯ?"

"ನೀ ಸುಮ್ಕಿರು. ದೊಡ್ಡತಾಯಿ ಎಲೆ ತುಂಬ ಪಲ್ಯ ಬಡಿಸಿದ್ಲು ಅಂತ ಜನ ಹೇಳ್ಕೊಂಡು ತಿರುಗಬೇಕು!"

ಬೆಳಿಗ್ಗೆ ಎದ್ದವಳೇ ಪಾತಿಯ ಅಂಚಿನಲ್ಲಿ ನಿಂತಳು. "ಒಂದು ಹಿಡಿ ಕೊಡು ತಾಯಿ."

"ತಗೋ ಮಗಳೇ. ಕುಡಿ ನಿಂಗೆ, ಬೇರು ನಂಗೆ."

ದೊಡ್ಡತಾಯಿ ಸೆರಗು ಸಿಕ್ಕಿಸಿ ಬಗ್ಗಿದಳು. ಬುಡಕ್ಕೆ ಕೈ ಹಾಕಿ ಎಳೆದಳು. ಬೇರು ಸಮೇತ ಬಂತು. ಇನ್ನೊಂದು ಎಳೆದಳು, ಮತ್ತೊಂದು ಎಳೆದಳು.

"ಅಯ್ಯಯ್ಯೋ! ಏನವ್ವ ಇದು?" ಗಾಳಿ ಓಡಿ ಬಂತು. "ಹಿಡಿ ಅಂದೆಯಲ್ಲ!"

"ಹೂಂ, ಹಿಡಿಯೇ" ಎಂದಳು ದೊಡ್ಡತಾಯಿ. "ಕೈ ಹಿಡಿದಷ್ಟೂ ಹಿಡಿ, ತೋಳು ಹಿಡಿದಷ್ಟೂ ಹಿಡಿ, ಮಡಿಲು ಹಿಡಿದಷ್ಟೂ ಹಿಡಿ. ಯಾವ ಹಿಡಿ ಅಂತ ಯಾರು ಕೇಳಿದ್ರು?"

ಗಾಳಿಗೆ ಉಸಿರೇ ನಿಂತಿತು. ಮಾತಿಗೆ ಹೀಗೂ ಒಂದು ಅರ್ಥ ಮಾಡಬಹುದೆಂದು ಆ ಹೊಸ ಲೋಕದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಾತಿ ಬೋಳಾಯಿತು.

ದೊಡ್ಡತಾಯಿ ಸೊಪ್ಪು ತೊಳೆದು ಹೆಚ್ಚಿದಳು. ಒಗ್ಗರಣೆ ಚಟಪಟ ಎಂದಿತು. ಸೊಪ್ಪನ್ನು ಮಡಕೆಗೆ ಒತ್ತಿ ಒತ್ತಿ ತುಂಬಿದಳು. ರಾಶಿ ನೋಡಿ, ರಾಶಿಗೆ ತಕ್ಕಂತೆ ಉಪ್ಪು ಸುರಿದು, ಮುಚ್ಚಳ ಮುಚ್ಚಿದಳು.

ಬೀದಿಯ ಹೆಂಗಸರು ಬಂದು ಎಲೆ ಮುಂದೆ ಕೂತರು. ಹೊನ್ನಿ ನಡುವೆ ಕೂತಳು. ದೊಡ್ಡತಾಯಿ ದೊಡ್ಡ ಸೌಟು ಹಿಡಿದು, ಎಲ್ಲರೂ ನೋಡಲಿ ಎಂದು ಕೈ ಎತ್ತಿ ಮುಚ್ಚಳ ತೆಗೆದಳು.

ಮಡಕೆ ಖಾಲಿ! ಕಣ್ಣುಜ್ಜಿಕೊಂಡು ಬಗ್ಗಿ ನೋಡಿದಳು. ಆಳದಲ್ಲಿ, ತಳಕ್ಕೆ ಅಂಟಿಕೊಂಡು, ಒಂದು ಹಿಡಿ ಪಲ್ಯ ಬಿದ್ದಿತ್ತು.

"ಎಲ್ಲಿ ಹೋಯ್ತು ನನ್ನ ಸೊಪ್ಪು!"

ಪಕ್ಕದ ಮನೆ ಬೋರಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನೀನೇ ತಿಂದ್ಬಿಟ್ಯಾ ದೊಡ್ಡತಾಯಿ?"

"ನನ್ನ ಮುಖ ಏನ್ ನೋಡ್ತೀಯ?" ಎಂದಿತು ಮಡಕೆ. "ನನಗೂ ದಿಗಿಲಾಗಿದೆ."

ಆಗ ತಳದಿಂದ ಸಣ್ಣ ದನಿ ಬಂತು. "ನೀನು ಹಿಡಿ ಕೇಳಿದೆ, ನಾವು ಹಿಡಿ ಕೊಡ್ತೀವಿ ಅಂದ್ವಿ. ನೀನು ಮಾತು ಹಿಗ್ಗಿಸಿದೆ. ನಾವು ಕುಗ್ಗಿ ಉಳಿಸಿಕೊಂಡ್ವಿ."

ದೊಡ್ಡತಾಯಿ ಇದ್ದಷ್ಟನ್ನೂ ಮಗಳ ಎಲೆಗೆ ಹಾಕಿದಳು. ಹೊನ್ನಿ ಬಾಯಿಗಿಟ್ಟಳು. ರಾಶಿಗೆ ಹಾಕಿದ ಉಪ್ಪೆಲ್ಲ ಆ ಒಂದು ಹಿಡಿಯಲ್ಲಿತ್ತು. ಅವಳು ಉಗುಳಿದಳು, ಓಕರಿಸಿದಳು, ಬೆಳಗಿನಿಂದ ಕುಡಿದಿದ್ದ ನೀರನ್ನೂ ಕಕ್ಕಿ ಗೋಡೆಗೆ ಒರಗಿದಳು.

"ಅವ್ವಾ, ನಾಳೆಗೇನು?"

ಆಗಲೇ ದೊಡ್ಡತಾಯಿಗೆ ನಿಜವಾಗಿ ಗರ ಬಡಿದದ್ದು. ನಾಳೆಗೆ ಏನೂ ಇರಲಿಲ್ಲ. ಮಗಳ ಹೆಸರಿನಲ್ಲೇ ಮಗಳ ಅನ್ನವನ್ನು ಬೇರು ಸಮೇತ ಕಿತ್ತಿದ್ದಳು.

ಹಿತ್ತಲಿಗೆ ಓಡಿದಳು. ಬೋಳು ಮಣ್ಣಿನ ಮೇಲೆ ಬಿದ್ದು ಅತ್ತಳು. ಗಾಳಿಗೆ ಕೋಪವಿತ್ತು. ಆದರೆ ಬಸುರಿಯ ಮೇಲೆ ಯಾರಿಗೆ ತಾನೆ ಕೋಪ? "ಬಚ್ಚಲ ಕಲ್ಲಿನ ಸಂದಿ ನೋಡು" ಎಂದಿತು.

ಅಲ್ಲಿ ಒಂದೇ ಒಂದು ಗಿಡ ಅವಿತು ನಿಂತಿತ್ತು. ದೊಡ್ಡತಾಯಿ ಮಂಡಿಯೂರಿದಳು. "ಒಂದು ಹಿಡಿ ಕೊಡು ತಾಯಿ. ಈ ಹಿಡಿ" ಎಂದು ಪುಟ್ಟ ಮುಷ್ಟಿ ತೋರಿಸಿದಳು.

ಗಿಡ ಮಾತಾಡಲಿಲ್ಲ. ಮತ್ತೆ ಕೇಳಿದಳು. ಗಿಡ ಸುಮ್ಮನೆ ನಿಂತಿತ್ತು.

ತಗೋ ಎನ್ನಲಿಲ್ಲ, ಮಗಳೇ ಎನ್ನಲಿಲ್ಲ. ಆ ಮೌನಕ್ಕೆ ದೊಡ್ಡತಾಯಿ ಹೆದರಿದಳು. ಬೈದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. ಕಣ್ಣೀರು ಸುರಿಸುತ್ತಲೇ ಉಗುರ ತುದಿಯಲ್ಲಿ ಕುಡಿ ಚಿವುಟಿದಳು. ಬೇರು ಮುಟ್ಟಲಿಲ್ಲ.

ಈ ಸಲ ಉಪ್ಪಿಗೆ ಕೈ ಹಾಕದೆ ಕಾದಳು. ಮುಚ್ಚಳ ತೆಗೆದರೆ ಆ ಹಿಡಿಯೂ ಕುಗ್ಗಿ ಒಂದು ತುತ್ತಾಗಿತ್ತು. ಒಮ್ಮೆ ಮನುಷ್ಯರನ್ನು ನಂಬಿ ಕೆಟ್ಟ ಸೊಪ್ಪು ಕುಗ್ಗುವುದನ್ನು ಮರೆಯಲಿಲ್ಲ. ತುತ್ತಿಗೆ ತಕ್ಕ ಚಿಟಿಕೆ ಉಪ್ಪು ಹಾಕಿ ಹೊನ್ನಿಯ ಬಾಯಿಗಿಟ್ಟಳು. ಹೊನ್ನಿ ಅಗಿದಳು, ನುಂಗಿದಳು. ತಾಯಿ ಮಗಳ ಮುಖವನ್ನೇ ನೋಡುತ್ತ ಕೂತಳು. ತುತ್ತು ಹೊಟ್ಟೆಯಲ್ಲಿ ನಿಂತಿತು.

ಚಿವುಟಿದ ಕಡೆ ಗಿಡ ಮತ್ತೆ ಚಿಗುರಿತು, ಬೀಜ ಉದುರಿಸಿತು, ಪಾತಿ ನಿಧಾನವಾಗಿ ತುಂಬಿತು. ಆದರೆ ಸೊಪ್ಪು ಮತ್ತೆಂದೂ ಮನುಷ್ಯರ ಜೊತೆ ಮಾತಾಡಲಿಲ್ಲ.

ಅದಕ್ಕೇ ಕಂದಾ, ನಿಮ್ಮಮ್ಮ ಬಾಣಲೆ ತುಂಬಿ ಚೆಲ್ಲುವಷ್ಟು ಸೊಪ್ಪು ಹಾಕಿ, ಅದು ಕುಗ್ಗುವ ತನಕ ಉಪ್ಪಿನ ಡಬ್ಬಿ ಮುಟ್ಟದೆ ಕಾಯುವುದು, ಎಷ್ಟು ವರ್ಷದಿಂದ ಅಡುಗೆ ಮಾಡುತ್ತಿದ್ದರೂ ಇವತ್ತಿಗೂ ಮುಚ್ಚಳ ತೆಗೆದು, "ಅಯ್ಯೋ, ಇಷ್ಟೇನಾ!" ಎಂದು ಬೆಚ್ಚಿಬೀಳುವುದು.