ಬರಿಗೈಯವನ ಬೆರಳು

"ಗುರುಗಳೇ, ನಾನು ಹೇಳುವುದು ಒಂದು, ಅಡುಗೆಯವರು ಮಾಡುವುದು ಇನ್ನೊಂದು. ಇವರನ್ನು ಬಿಡಿಸಿ ಬೇರೆಯವರನ್ನು ತರಲೇ?" ಎಂದು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ ರೇವಯ್ಯ ಕೇಳಿದ.

"ತರುವೆಯಂತೆ, ಮೊದಲು ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅಮೆರಿಕದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡುವ ಒಬ್ಬನಿದ್ದ. ದಾಂಡಿಗನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಸೆಗಾರ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಚೆಂಡೋ ಕಲ್ಲಿನಂಥದ್ದು. ಉಳಿದವರೆಲ್ಲ ಚರ್ಮದ ಕೈಗವಸು ಹಾಕತೊಡಗಿದರು. ಇವನು ಮಾತ್ರ, "ಥೂ, ಕೈಗೆ ಚೀಲ ಕಟ್ಟಿಕೊಂಡು ಆಡುವುದೂ ಒಂದು ಆಟವೇ?" ಎಂದ. ಒಂದೊಂದಾಗಿ ಬೆರಳು ಮುರಿದವು, ಸೊಟ್ಟಗೆ ಕೂಡಿಕೊಂಡವು. ಅದಕ್ಕೂ ಜಂಬ! ಪದಕ ತೋರಿಸುವಂತೆ ಊರಿಗೆಲ್ಲ ತೋರಿಸಿಕೊಂಡು ತಿರುಗಿದ.

ಎಂಥ ಚೆಂಡು ಬೇಕೆಂದು ಎಸೆಗಾರನಿಗೆ ತಿಳಿಸುವವನೂ ಅವನೇ. ಎದುರಾಳಿಗೆ ಕೇಳಿಸಬಾರದಲ್ಲ, ಅದಕ್ಕೆ ಬೆರಳಿನ ಸನ್ನೆ. ಒಂದು ಬೆರಳು ಚಾಚಿದರೆ ನೇರ ಚೆಂಡು, ಎರಡು ಚಾಚಿದರೆ ತಿರುವು ಚೆಂಡು. ಅವನು ಒಂದೇ ಚಾಚುವನು. ಪಕ್ಕದ ಸೊಟ್ಟ ಬೆರಳು ಮಡಚಲು ಬಾರದೆ ತಾನೂ ನಿಲ್ಲುವುದು. ನೇರ ಚೆಂಡಿಗೆ ಕಾದು ಕೂತ ಇವನ ಮೂಗಿಗೇ ತಿರುವು ಚೆಂಡು ಬಂದು ಬಡಿಯುವುದು.

"ಕಣ್ಣು ಕಾಣಲ್ವೇನೋ ನಿನಗೆ?" ಎಂದು ಅವನು ಎಸೆಗಾರನ ಮೇಲೆ ಹಾರಾಡಿದ. ಹಟ ಹಿಡಿದು ಅವನನ್ನು ತೆಗೆಸಿದ. ಇನ್ನೊಬ್ಬ ಬಂದ, ಅವನನ್ನೂ ತೆಗೆಸಿದ. ಎಸೆಗಾರರು ಬದಲಾದರು, ಪೆಟ್ಟು ತಿನ್ನುವ ಮೂಗು ಮಾತ್ರ ಅದೇ.

ತಂಡ ಸೋಲುತ್ತ ಹೋಯಿತು. ಅವನಿಗೂ ಒಳಗೊಳಗೇ ಭಯ ಹತ್ತಿತು. ಈ ಆಟ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ತಂಡದ ಯಜಮಾನನ ಬಳಿಗೆ ಓಡಿದ. "ಸ್ವಾಮಿ, ಕಣ್ಣಿರುವ ಎಸೆಗಾರನನ್ನು ಕೊಡಿ, ಗೆದ್ದು ತೋರಿಸ್ತೀನಿ."

"ಆಯ್ತಪ್ಪ, ಎಷ್ಟು ಜನ ಬೇಕು?"

ಅವನು ಠೀವಿಯಿಂದ ಬೆರಳೆತ್ತಿದ.

"ಇಬ್ಬರೇ?" ಎಂದ ಯಜಮಾನ.

"ಒಬ್ಬ, ಸ್ವಾಮಿ! ನಿಮಗೂ ಕಣ್ಣು ಕಾಣಲ್ವೇ?"

ಮರುದಿನ ಅವನ ಜಾಗದಲ್ಲಿ ಕೈಗವಸು ಹಾಕಿದವನೊಬ್ಬ ಕೂತಿದ್ದ. ಇವನು ಟಿಕೆಟ್ ಕೊಂಡು ಆಟ ನೋಡಿದ. ಅಲ್ಲಿಗೆ ಮುಗಿಯಿತು ಅವನ ಕಸುಬು.

ರೇವಯ್ಯ ಬಿದ್ದು ಬಿದ್ದು ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಎಂಥ ಪೆದ್ದ, ಗುರುಗಳೇ!" ಕಣ್ಣೊರೆಸಿಕೊಂಡು ಮತ್ತೆ ಕೇಳಿದ: "ಹಾಗಾದರೆ ಅಡುಗೆಯವರನ್ನು ಬಿಡಿಸಿಬಿಡಲೇ?"

ಗುರುಗಳು ಹೇಳಿದರು: "ಬಿಡಿಸಪ್ಪ, ಅಂದಹಾಗೆ, ಈ ವರ್ಷ ಇವರು ಎಷ್ಟನೆಯವರು?"